ಬಿಸಿಲು ಬೇರೆ, ಬೆಳಕು ಬೇರೆ

ವಿಜಯಪುರದ ಸೀಮೆಯವರಿಗೆ ಬಿಸಿಲನ್ನು ಯಾರೂ ಪರಿಚಯಿಸಿಕೊಡಬೇಕಾಗಿಲ್ಲ. ತಿಕೋಟಾ, ಬಬಲೇಶ್ವರ, ಜೈನಾಪುರದ ಕಡೆ ಬೇಸಿಗೆಯಲ್ಲಿ ಹಾದುಹೋದವರು ಅದನ್ನು ಮರೆಯಲಾರರು. ಇಲ್ಲಿಯ ದ್ರಾಕ್ಷಿಯನ್ನು ಒಣದ್ರಾಕ್ಷಿಯಾಗಿಸುವುದೂ ಈ ಒಣ ಹವೆಯೇ. ಹೀಗಿರುವಾಗ, ಸೂರ್ಯನಿಂದ ವಿದ್ಯುತ್ತು ಪಡೆಯುವ ಮಾತು ಬಂದರೆ ‘ನಮಗೇನು ಕಡಿಮೆ?’ ಎಂಬ ಹೆಮ್ಮೆ ಸಹಜವೇ. ಆದರೆ ಆ ಹೆಮ್ಮೆಯೊಳಗೆ ಒಂದು ತಪ್ಪು ತಿಳಿವಳಿಕೆಯೂ ಅಡಗಿದೆ. ಕನ್ನಡ ಪಾಠ ಹೇಳಿ ನಿವೃತ್ತನಾದ ನಾನೂ ಅದಕ್ಕೆ ಹೊರತಾಗಿರಲಿಲ್ಲ.

ನಮ್ಮ ಮನೆಯ ಮಾಳಿಗೆಯ ಮೇಲೆ ಸೌರಫಲಕಗಳನ್ನು ಕೂರಿಸಿದ ಮೊದಲ ಬೇಸಿಗೆ. ಒಂದು ನಡುಹಗಲು ಕಂಬದ ವಿದ್ಯುತ್ತು ಹೋಯಿತು. ಅದರೊಡನೆ ನಮ್ಮ ಫ್ಯಾನೂ ನಿಂತಿತು. ಮೊಮ್ಮಗ ಕೇಳಿದ: “ಅಜ್ಜಾ, ಮ್ಯಾಲ ಇಷ್ಟು ಬಿಸಿಲ ಐತಿ, ನಮ್ಮ ಕರೆಂಟ್ ಯಾಕ ಹೋತು?” ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತ ತಿಳಿದುದಿಷ್ಟು.

ಬೆಳಕಿನಿಂದ ವಿದ್ಯುತ್ತು ಹುಟ್ಟಬಲ್ಲದೆಂಬುದನ್ನು ಫ್ರಾನ್ಸಿನ ಬೆಕೆರೆಲ್ 1839ರಲ್ಲಿ ಕಂಡ. ಬಳಕೆಗೆ ಒದಗುವ ಸಿಲಿಕಾನ್ ಕೋಶ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿದ್ಧವಾದದ್ದು 1954ರಲ್ಲಿ. ಬೆಳಕಿನ ಕಣ ಸಿಲಿಕಾನಿಗೆ ತಾಗಿದಾಗ ಅಲ್ಲಿಯ ಎಲೆಕ್ಟ್ರಾನು ಬಿಡುಗಡೆಗೊಂಡು ಹರಿಯುತ್ತದೆ. ಆ ಹರಿವೇ ವಿದ್ಯುತ್ತು. ಇಲ್ಲಿ ಕೆಲಸ ಮಾಡುವುದು ಬೆಳಕು, ಕಾವಲ್ಲ. ಕಾವು ಹಗೆಯೇ ಸರಿ. ಫಲಕದ ಸಾಮರ್ಥ್ಯವನ್ನು ಅಳೆಯುವುದು 25 ಡಿಗ್ರಿ ಉಷ್ಣತೆಯಲ್ಲಿ. ಅದಕ್ಕಿಂತ ಏರಿದ ಪ್ರತಿ ಡಿಗ್ರಿಗೆ ಶೇಕಡಾ 0.3ರಿಂದ 0.4ರಷ್ಟು ಖೋತಾ. ಮೇ ತಿಂಗಳಲ್ಲಿ ಫಲಕ 65 ಡಿಗ್ರಿಯಷ್ಟು ಕಾದರೆ ಹತ್ತರಲ್ಲಿ ಒಂದು ಪಾಲಿಗೂ ಹೆಚ್ಚು ನಷ್ಟ. ಆದ್ದರಿಂದಲೇ ಫಲಕದ ಕೆಳಗೆ ಗಾಳಿಯಾಡಲು ಜಾಗ ಬಿಡಬೇಕು, ದಕ್ಷಿಣಕ್ಕೆ ಓರೆಯಾಗಿ ನಿಲ್ಲಿಸಬೇಕು, ಧೂಳನ್ನು ಬೆಳಗಿನ ತಂಪಿನಲ್ಲಿ ತೊಳೆಯಬೇಕು.

ಇನ್ನು ಮೊಮ್ಮಗನ ಪ್ರಶ್ನೆ. ಫಲಕ ಕೊಡುವುದು ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು. ಮನೆಯ ಉಪಕರಣಗಳು ಬೇಡುವುದು ದಿಕ್ಕು ಬದಲಿಸುತ್ತಿರುವ ವಿದ್ಯುತ್ತು. ಈ ಮಾರ್ಪಾಟು ಮಾಡುವುದು ಇನ್ವರ್ಟರ್. ನಮ್ಮಲ್ಲಿರುವುದು ಕಂಬದ ತಂತಿಗೆ ಜೋಡಿಸಿದ ವ್ಯವಸ್ಥೆ: ಮಿಕ್ಕ ವಿದ್ಯುತ್ತು ತಂತಿಗೆ ಹೋಗುತ್ತದೆ, ಮೀಟರು ಎರಡೂ ಕಡೆಯ ಲೆಕ್ಕವಿಡುತ್ತದೆ. ಆದರೆ ತಂತಿ ಸತ್ತಾಗ ಇಂಥ ಇನ್ವರ್ಟರೂ ತಾನಾಗಿ ನಿಲ್ಲಲೇಬೇಕು. ನಿಲ್ಲದಿದ್ದರೆ, ವಿದ್ಯುತ್ತಿಲ್ಲವೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಜೀವಕ್ಕೆ ನಮ್ಮ ಮಾಳಿಗೆಯೇ ಎರವಾದೀತು. ನಮ್ಮ ಫ್ಯಾನು ನಿಂತದ್ದು ದೋಷದಿಂದಲ್ಲ, ಯಾರದೋ ಮನೆಯ ಮಗನನ್ನು ಉಳಿಸುವ ಎಚ್ಚರದಿಂದ.

ಕತ್ತಲಲ್ಲೂ ದೀಪ ಬೇಕೆನ್ನುವವರಿಗೆ ಬ್ಯಾಟರಿ ಮತ್ತು ಅದಕ್ಕೆ ಒಪ್ಪುವ ಇನ್ವರ್ಟರ್ ಬೇಕು, ವೆಚ್ಚವೂ ಹೆಚ್ಚು. ಅಂಗಡಿ, ಗಿರಣಿಗಳು ಹಗಲಿನಲ್ಲಿಯೇ, ಶೀತಲಗೃಹಗಳು ಹಗಲೂ ರಾತ್ರಿಯೂ ದುಡಿಯುವುದರಿಂದ ಹುಟ್ಟಿದ ವಿದ್ಯುತ್ತು ಬಹುಮಟ್ಟಿಗೆ ಅಲ್ಲಿಯೇ ಖರ್ಚಾಗುತ್ತದೆ. ಮನೆಯ ಬಳಕೆಯಾದರೋ ಸಂಜೆಯದು. ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ; ನೂರು ಚದರಡಿಯಷ್ಟು ನೆರಳಿಲ್ಲದ ಜಾಗ ಬೇಡುತ್ತದೆ. 2024ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸೂರ್ಯಘರ್ ಯೋಜನೆ ಮನೆಗಳಿಗೆ ಮಾತ್ರ. ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವನ್ನು ಅದರಲ್ಲಿ ಗೊತ್ತುಪಡಿಸಿದರು. ವ್ಯಾಪಾರಿಗಳು ತಮ್ಮ ಹಗಲಿನ ಬಳಕೆಯನ್ನೇ ನೆಚ್ಚಿ ಲೆಕ್ಕ ಹಾಕಬೇಕು.

ನಮ್ಮ ನಾಡಿನಲ್ಲಿ ಪಾವಗಡದ 2,050 ಮೆಗಾವ್ಯಾಟಿನ ಸೌರವನವೂ ಉಂಟು. 1995ರಲ್ಲಿ ಹರೀಶ್ ಹಂದೆಯವರು ಹುಟ್ಟುಹಾಕಿದ ಸೆಲ್ಕೋ ಸಂಸ್ಥೆ ಬಡವರ ಮನೆಗೆ ಮುಟ್ಟಿಸಿದ ಪುಟ್ಟ ದೀಪವೂ ಉಂಟು. ಆ ಕೆಲಸಕ್ಕೆ 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. ಎರಡೂ ಒಂದೇ ಸೂರ್ಯನ ಕೊಡುಗೆ. ಅಗತ್ಯ ಮಾತ್ರ ಬೇರೆ. ಫಲಕ ಎಷ್ಟು ಎಂದು ಕೇಳುವ ಮುನ್ನ ನಮಗೆ ಏನು ಬೇಕು, ಯಾವ ಹೊತ್ತಿಗೆ ಬೇಕು ಎಂದು ಕೇಳಿಕೊಳ್ಳುವುದು ವಿವೇಕ.

ನಾನು ಕೊನೆಗೆ ಎರಡು ದೀಪ, ಒಂದು ಫ್ಯಾನಿಗೆ ಸಾಲುವಷ್ಟು ಬ್ಯಾಟರಿ ಹಾಕಿಸಿದೆ. ಪರೀಕ್ಷೆಯ ದಿನಗಳಲ್ಲಿ ಮೊಮ್ಮಗನಿಗೆ ಬೇಕಾದದ್ದು ಅಷ್ಟೇ.