ಗಣಕೀಕೃತ ಭೂ ದಾಖಲೆಗಳ ನಿಗದಿತ ನಿರ್ವಹಣೆ: ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

ಕರ್ನಾಟಕದಲ್ಲಿ 'ಭೂಮಿ' ಯೋಜನೆಯಡಿ ಸುಮಾರು 67 ಲಕ್ಷ ರೈತರಿಗೆ ಸೇರಿದ ಅಂದಾಜು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. 2002ರ ವೇಳೆಗೆ ಕೈಬರಹದ ಪಹಣಿಯ ಸ್ಥಾನದಲ್ಲಿ ಗಣಕೀಕೃತ ಪಹಣಿಯು ಜಾರಿಗೆ ಬಂದಿತು. ಪತ್ರಗಳ ನೋಂದಣಿಯು 'ಕಾವೇರಿ' ತಂತ್ರಾಂಶದ ಮೂಲಕ ನಡೆಯುತ್ತಿದ್ದು, ಅದರ 2.0 ಆವೃತ್ತಿಯು 2023ರಲ್ಲಿ ಬಳಕೆಗೆ ಬಂದಿದೆ. ದಾಖಲೆ ಕೊಠಡಿಯ ಕಡತಗಳನ್ನು ಗೆದ್ದಲು ಹಾಗೂ ತೇವದಿಂದ ಕಾಪಾಡಬೇಕಾಗಿರುವಂತೆಯೇ ಗಣಕೀಕೃತ ದಾಖಲೆಗಳಿಗೂ ನಿಯತಕಾಲಿಕ ನಿರ್ವಹಣೆ ಅಗತ್ಯವಾಗಿರುತ್ತದೆ. ಈ ಅವಧಿಯಲ್ಲಿ ಸೇವೆಗಳು ತಾತ್ಕಾಲಿಕವಾಗಿ ಸ್ಥಗಿತಗೊಳ್ಳಬಹುದು.

ನಿರ್ವಹಣೆಯ ವೇಳೆ ನಡೆಯುವ ಕಾರ್ಯಗಳು

1. ದತ್ತಾಂಶದ ಬ್ಯಾಕಪ್ ಪಡೆದು, ಅದರಿಂದ ದಾಖಲೆಗಳನ್ನು ಮರಳಿ ಪಡೆಯಲು ಸಾಧ್ಯವೇ ಎಂದು ಪರೀಕ್ಷಿಸುವುದು. ಪರೀಕ್ಷಿಸದ ಬ್ಯಾಕಪ್ ಅನ್ನು ನಂಬುವಂತಿಲ್ಲ.
2. ಸರ್ವೆ ನಂಬರು ಅಥವಾ ಹೆಸರಿನಿಂದ ದಾಖಲೆಯನ್ನು ಶೀಘ್ರವಾಗಿ ಹುಡುಕಲು ನೆರವಾಗುವ ಸೂಚಿಗಳನ್ನು ಮರುಜೋಡಿಸುವುದು.
3. ಸ್ಕ್ಯಾನ್ ಮಾಡಿ ಸಂಗ್ರಹಿಸಿದ ಹಳೆಯ ದಾಖಲೆಗಳ ಪುಟಗಳು ಹಾಳಾಗದೆ ಉಳಿದಿವೆಯೇ ಎಂದು ತಾಳೆ ನೋಡುವುದು.
4. ತಂತ್ರಾಂಶದಲ್ಲಿ ಭದ್ರತಾ ಸುಧಾರಣೆಗಳನ್ನು ಅಳವಡಿಸುವುದು.

ಇವುಗಳಲ್ಲಿ ಕೆಲವನ್ನು ಸೇವೆ ನಡೆಯುತ್ತಿರುವಾಗಲೇ ಕೈಗೊಳ್ಳಬಹುದು. ಆದರೆ ತಂತ್ರಾಂಶವನ್ನು ಬದಲಾಯಿಸುವಾಗ ಹಕ್ಕು ಬದಲಾವಣೆಯ ನಮೂದು ಅರ್ಧದಲ್ಲಿ ನಿಂತರೆ, ಮಾರಾಟಗಾರರ ಹೆಸರು ತೆಗೆಯಲ್ಪಟ್ಟು ಖರೀದಿದಾರರ ಹೆಸರು ಸೇರದೆ ಉಳಿಯುವ ಅಪಾಯವಿದೆ. ಕೆಲವು ಗಂಟೆಗಳ ಸ್ಥಗಿತವು ಇಂತಹ ದೋಷವನ್ನು ತಪ್ಪಿಸುವ ಉದ್ದೇಶದ್ದಾಗಿರುತ್ತದೆ.

ಸಮಯದ ಆಯ್ಕೆ

ಇಂತಹ ಕಾರ್ಯಗಳಿಗೆ ರಾತ್ರಿ ವೇಳೆ, ಭಾನುವಾರ ಅಥವಾ ಕಚೇರಿಗಳಿಗೆ ರಜೆ ಇರುವ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು ಸೂಕ್ತ. ಮುಂಗಾರಿನ ಆರಂಭದಲ್ಲಿ ಬೆಳೆ ಸಾಲಕ್ಕಾಗಿ ಪಹಣಿಯ ಬೇಡಿಕೆ ಹೆಚ್ಚುವುದರಿಂದಲೂ, ಮಾರ್ಚ್ ಅಂತ್ಯದಲ್ಲಿ ಲೆಕ್ಕಪತ್ರಗಳ ಮುಕ್ತಾಯವಿರುವುದರಿಂದಲೂ ದೀರ್ಘ ನಿರ್ವಹಣೆಗೆ ಆ ದಿನಗಳು ಯೋಗ್ಯವಲ್ಲ.

ಕಾಲಮಿತಿಯ ಬಗ್ಗೆ ವಿಶೇಷ ಗಮನ

ಸೇವೆ ಸ್ಥಗಿತಗೊಂಡ ಮಾತ್ರಕ್ಕೆ ಕಾನೂನಿನ ಕಾಲಮಿತಿಯು ನಿಲ್ಲುವುದಿಲ್ಲ. ನೋಂದಣಿ ಕಾಯ್ದೆ, 1908ರ ಕಲಂ 23ರನ್ವಯ, ಮರಣಶಾಸನವನ್ನು ಹೊರತುಪಡಿಸಿ ಇತರ ಪತ್ರಗಳನ್ನು ಸಾಮಾನ್ಯವಾಗಿ ಬರೆದುಕೊಟ್ಟ ದಿನಾಂಕದಿಂದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸತಕ್ಕದ್ದು. ತುರ್ತು ಅಗತ್ಯ ಅಥವಾ ಅನಿವಾರ್ಯ ಅವಘಡದಿಂದ ವಿಳಂಬವಾದಲ್ಲಿ, ಕಲಂ 25ರಡಿ ನೋಂದಣಿ ಶುಲ್ಕದ ಹತ್ತು ಪಟ್ಟಿಗೆ ಮೀರದ ದಂಡದೊಂದಿಗೆ ಮತ್ತೆ ನಾಲ್ಕು ತಿಂಗಳವರೆಗೆ ಅವಕಾಶ ನೀಡಬಹುದಾಗಿದೆ. ಕೊನೆಯ ದಿನ ಕಚೇರಿ ಮುಚ್ಚಿದ್ದಲ್ಲಿ, ಅದು ತೆರೆಯುವ ಮುಂದಿನ ದಿನದಂದು ಹಾಜರುಪಡಿಸಿದರೆ ಸಾಕೆಂದು ಸಾಮಾನ್ಯ ಖಂಡಗಳ ಕಾಯ್ದೆ, 1897ರ ಕಲಂ 10 ತಿಳಿಸುತ್ತದೆ. ಆದರೆ ಕಚೇರಿ ತೆರೆದಿದ್ದು ಸರ್ವರ್ ಮಾತ್ರ ಸ್ಥಗಿತಗೊಂಡಿರುವ ಸಂದರ್ಭವನ್ನು ಸದರಿ ಕಲಂ ಪ್ರಸ್ತಾಪಿಸುವುದಿಲ್ಲ.

ಅರ್ಜಿದಾರರಿಗೆ ಸೂಚನೆಗಳು

- ಪತ್ರದ ನೋಂದಣಿಯನ್ನಾಗಲಿ, ಹಕ್ಕು ಬದಲಾವಣೆಗೆ ಆಕ್ಷೇಪಣೆ ಸಲ್ಲಿಸುವುದನ್ನಾಗಲಿ ಕೊನೆಯ ದಿನದವರೆಗೆ ಮುಂದೂಡಬಾರದು.
- ಅರ್ಜಿಯ ಸ್ವೀಕೃತಿ ಸಂಖ್ಯೆ ಮತ್ತು ಶುಲ್ಕ ಪಾವತಿಯ ರಸೀದಿಯನ್ನು ಕಾಪಾಡಿಕೊಳ್ಳತಕ್ಕದ್ದು.
- ಹಣ ಕಡಿತವಾಗಿ ರಸೀದಿ ಬಾರದಿದ್ದಲ್ಲಿ, ಮತ್ತೊಮ್ಮೆ ಪಾವತಿಸುವ ಮೊದಲು ಹಿಂದಿನ ಪಾವತಿಯ ಸ್ಥಿತಿಯನ್ನು ಪರಿಶೀಲಿಸುವುದು.
- ಕೊನೆಯ ದಿನ ಸೇವೆ ಲಭ್ಯವಿಲ್ಲದಿದ್ದಲ್ಲಿ, ಅದೇ ದಿನ ಸಂಬಂಧಪಟ್ಟ ಕಚೇರಿಗೆ ಲಿಖಿತ ಮನವಿ ಸಲ್ಲಿಸಿ, ದಿನಾಂಕ ಸಹಿತ ಸ್ವೀಕೃತಿ ಪಡೆಯುವುದು.

ದಾಖಲೆಗಳ ಸುರಕ್ಷತೆಯು ಹಕ್ಕುದಾರರ ಹಿತಕ್ಕಾಗಿಯೇ ಇರುವುದರಿಂದ ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.