ಫಿಸಿಕ್ಸ್ ಎಂಜಿನ್ ಬದಲಾವಣೆಯ ಸಾಧನ ಮತ್ತು ಅದರ ದಾಖಲೀಕರಣ: ಗೋಡೋ ಒಂದು ನಿದರ್ಶನ

ಅಳಗುಳಿಮಣೆಯ ಹದಿನಾಲ್ಕು ಗುಳಿಗಳಲ್ಲಿ ಆಡುವ ಆಟ ಒಂದೇ ಅಲ್ಲವೆಂಬುದು ಕ್ಷೇತ್ರಕಾರ್ಯ ಮಾಡಿದವರಿಗೆಲ್ಲ ತಿಳಿದ ಸಂಗತಿ. ಮಣೆಯೂ ಹರಳುಗಳೂ ಅವೇ ಇದ್ದು ನಿಯಮ ಬದಲಾದರೆ ಆಟದ ಗತಿಯೇ ಬೇರೆಯಾಗುತ್ತದೆ. ಆದುದರಿಂದ ಮಣೆಯನ್ನು ಸಂಗ್ರಹಾಲಯದಲ್ಲಿರಿಸಿದ ಮಾತ್ರಕ್ಕೆ ಆಟ ದಾಖಲಾದಂತಾಗುವುದಿಲ್ಲ. ಗಣಕ ಆಟಗಳ ಸಂದರ್ಭದಲ್ಲಿ ಈ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ಅಲ್ಲಿ ನಿಯಮಗಳ ಬಹುಪಾಲು ಆಟಗಾರನ ಕಣ್ಣಿಗೂ, ಎಷ್ಟೋ ವೇಳೆ ರಚನಕಾರನ ಕಣ್ಣಿಗೂ ಬೀಳದ ಒಂದು ಘಟಕದಲ್ಲಿ ಅಡಗಿರುತ್ತದೆ.

ಆ ಘಟಕವೇ ಫಿಸಿಕ್ಸ್ ಎಂಜಿನ್. ಪರದೆಯ ಮೇಲಿನ ಕಾಯಗಳು ಬೀಳುವುದು, ಜಾರುವುದು, ಡಿಕ್ಕಿ ಹೊಡೆದು ಸಿಡಿಯುವುದು ಇವೆಲ್ಲವನ್ನೂ ಲೆಕ್ಕಹಾಕುವ ತಂತ್ರಾಂಶ ಇದು. ಲೆಕ್ಕ ನಡೆಯುವುದು ಸಣ್ಣ ಸಣ್ಣ ಹೆಜ್ಜೆಗಳಲ್ಲಿ. ಗೋಡೋದಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ಸೆಕೆಂಡಿಗೆ 60 ಹೆಜ್ಜೆ. ಎಲ್ಲ ಎಂಜಿನ್ನುಗಳೂ ನ್ಯೂಟನ್ನನ ಚಲನ ನಿಯಮಗಳನ್ನೇ ಅನುಸರಿಸುತ್ತವೆಯಾದರೂ ಒಂದರೊಳಗೊಂದು ಹೊಕ್ಕ ಕಾಯಗಳನ್ನು ಬೇರ್ಪಡಿಸುವ ಲೆಕ್ಕ ಅಂದಾಜಿನದು. ಎಷ್ಟು ಬಾರಿ ತಿದ್ದಬೇಕು, ಎಷ್ಟು ಅತಿಕ್ರಮಣವನ್ನು ಸಹಿಸಬೇಕು ಎಂಬಲ್ಲಿ ಒಂದೊಂದರದೂ ಒಂದೊಂದು ದಾರಿ. ಹೀಗಾಗಿ ಒಂದು ಎಂಜಿನ್ನಿನಲ್ಲಿ ನೆಟ್ಟಗೆ ನಿಂತ ಪೆಟ್ಟಿಗೆಗಳ ರಾಶಿ ಇನ್ನೊಂದರಲ್ಲಿ ನಡುಗಬಹುದು, ಕುಸಿಯಲೂಬಹುದು.

ಆಟದ ಉಳಿದ ಭಾಗವನ್ನು ಮುಟ್ಟದೆ ಎಂಜಿನ್ನನ್ನು ಮಾತ್ರ ಬದಲಿಸುವ ಪ್ರಯತ್ನ ಹೊಸದಲ್ಲ. ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯಿಂಗ್ ಮತ್ತು ಥಾಮಸ್ ಬ್ರೌನ್ಲ್ ಅವರು 'ಪಾಲ್' ಎಂಬ ಮಧ್ಯಸ್ತರದ ಮೂಲಕ ಏಳು ಎಂಜಿನ್ನುಗಳನ್ನು ಹೋಲಿಸಿ 2007ರಲ್ಲಿ ಪ್ರಬಂಧ ಪ್ರಕಟಿಸಿದರು. ಎಲ್ಲ ಪರೀಕ್ಷೆಗಳಲ್ಲೂ ಮೇಲುಗೈ ಸಾಧಿಸಿದ ಎಂಜಿನ್ ಒಂದೂ ಇರಲಿಲ್ಲ.

ಬೆಕೆಟ್ಟನ ನಾಟಕದಿಂದ ಹೆಸರು ಪಡೆದ ಗೋಡೋ ಅರ್ಜೆಂಟೀನದಲ್ಲಿ ಹುಟ್ಟಿ, 2014ರಲ್ಲಿ ಮುಕ್ತ ತಂತ್ರಾಂಶವಾಯಿತು. ಇದರಲ್ಲಿ ಆಟದ ದೃಶ್ಯಕ್ಕೂ ಎಂಜಿನ್ನಿಗೂ ನಡುವೆ 'ಫಿಸಿಕ್ಸ್ ಸರ್ವರ್' ಎಂಬ ಸ್ತರವಿದೆ. ದೃಶ್ಯ ತನ್ನ ಬೇಡಿಕೆಯನ್ನು ಸರ್ವರಿನ ಮುಂದಿಡುತ್ತದೆ. ಅದನ್ನು ಪೂರೈಸುವವರು ಯಾರೆಂಬುದು ದೃಶ್ಯಕ್ಕೆ ತಿಳಿಯಬೇಕಿಲ್ಲ. 2018ರ 3.0 ಆವೃತ್ತಿಯಲ್ಲಿ ಮೂರು ಆಯಾಮದ ಆಟಗಳಿಗೆ ಬುಲೆಟ್ ಎಂಜಿನ್ ಬಂದಿತು. 2023ರ 4.0 ಆವೃತ್ತಿಯಲ್ಲಿ ಬುಲೆಟ್ಟನ್ನು ಕೈಬಿಟ್ಟು ಗೋಡೋದ ಸ್ವಂತ ಎಂಜಿನ್ನಿಗೆ ಮರಳಲಾಯಿತು. 2025ರ ಮಾರ್ಚಿನಲ್ಲಿ ಬಂದ 4.4 ಆವೃತ್ತಿ ಯೋರಿಟ್ ರೌವೆ ಅವರ ಯೋಲ್ಟ್ ಎಂಜಿನ್ನನ್ನು ಪ್ರಾಯೋಗಿಕ ಆಯ್ಕೆಯಾಗಿ ಸೇರಿಸಿತು. ಬದಲಿಸುವ ಕ್ರಮ ಸರಳ: ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಎಂಜಿನ್ನಿನ ಹೆಸರನ್ನು ಆರಿಸಿ ಸಂಪಾದಕವನ್ನು ಮತ್ತೆ ತೆರೆಯಬೇಕು, ಅಷ್ಟೆ.

ಕ್ರಮ ಇಷ್ಟು ಸರಳವಾದುದರಿಂದಲೇ ಕೈಪಿಡಿಯ ಹೊಣೆ ಹೆಚ್ಚಿತು. 4.4ರೊಡನೆ ಬಂದ ಯೋಲ್ಟ್ ಕುರಿತ ಅಧ್ಯಾಯದಲ್ಲಿ ಗುಂಡಿ ಒತ್ತುವ ವಿವರ ಕೆಲವೇ ಸಾಲುಗಳದು. ಉಳಿದದ್ದೆಲ್ಲ ಎರಡು ಎಂಜಿನ್ನುಗಳ ನಡತೆಯ ವ್ಯತ್ಯಾಸ. ಜಾನಪದ ಸಂಪಾದನೆಯ ಪರಿಭಾಷೆಯಲ್ಲಿ ಇದನ್ನು ಪಾಠಾಂತರಗಳ ಪಟ್ಟಿಯೆನ್ನಬಹುದು. ಕೀಲುಗಳ ಮಿತಿಯನ್ನು ಮೃದುಗೊಳಿಸುವ ಹಲವು ಗುಣಗಳಿಗೆ ಯೋಲ್ಟ್‌ನಲ್ಲಿ ಬೆಂಬಲವಿಲ್ಲವೆಂದು ಅಲ್ಲಿ ಹೇಳಲಾಯಿತು. ಕಾಯದ ಆಕೃತಿಯನ್ನು ತುಸು ಕುಗ್ಗಿಸಿ, ಅದರ ಸುತ್ತ ದುಂಡಗಿನ ಅಂಚೊಂದನ್ನು ಹೊದಿಸಿ ವೇಗ ಸಾಧಿಸುವ ವಿಧಾನವನ್ನು ವಿವರಿಸಲಾಯಿತು. ಜಾಲಾಕೃತಿಗೆ ತಗುಲಿದ ಕಿರಣ ಯಾವ ತ್ರಿಕೋನವನ್ನು ಮುಟ್ಟಿತೆಂಬ ಮಾಹಿತಿ ಬೇಕಾದರೆ ಅದನ್ನು ಪ್ರತ್ಯೇಕವಾಗಿ ಕೇಳಬೇಕು; ಕೇಳಿದರೆ ಆ ಆಕೃತಿಗಳ ಸ್ಮೃತಿ ವೆಚ್ಚ ಸುಮಾರು 25% ಏರಬಹುದು. ಇಂತಹ ಟಿಪ್ಪಣಿಗಳು ದೋಷಗಳ ಒಪ್ಪಿಗೆಯಂತೆ ಕಂಡರೂ ವಾಸ್ತವದಲ್ಲಿ ಕೈಪಿಡಿಯ ಅತ್ಯಂತ ಬೆಲೆಯುಳ್ಳ ಭಾಗ ಇವೇ. ಮಧ್ಯಸ್ತರವು ಎಂಜಿನ್ನುಗಳ ಭೇದವನ್ನು ಮರೆಮಾಡುತ್ತದೆ. ಮರೆಯಾದುದನ್ನು ಹೇಳುವುದು ಕೈಪಿಡಿಯ ಕೆಲಸ.

ಈ ಬರಹಗಳ ಮಹತ್ವ ರಚನಕಾರರಿಗಷ್ಟೇ ಸೀಮಿತವಲ್ಲ. ಬುಲೆಟ್ಟಿಗೆ ಹೊಂದಿಸಿ ರೂಪಿಸಿದ ಆಟವೊಂದನ್ನು 4.0ಕ್ಕೆ ತಂದಾಗ ಜಿಗಿತದ ಎತ್ತರವೋ ವಾಹನದ ಓಲಾಟವೋ ಬದಲಾದರೆ, ಅದು ಆಟದ ಮೂಲ ಸ್ವರೂಪವೇ ಅಥವಾ ವಲಸೆಯ ಫಲವೇ ಎಂಬುದನ್ನು ನಿರ್ಧರಿಸಲು ಸಂಶೋಧಕನಿಗೆ ಆಧಾರ ಬೇಕು. ಯೋಜನೆಯ ಕಡತ ಅದನ್ನು ನೇರವಾಗಿ ಕೊಡುವುದಿಲ್ಲ. ಆ ಕಡತದಲ್ಲಿ ದಾಖಲಾಗುವುದು ಮೂಲಸ್ಥಿತಿಯಿಂದ ಬದಲಿಸಿದ ಆಯ್ಕೆಗಳು ಮಾತ್ರ. ಎಂಜಿನ್ನನ್ನು ಬದಲಿಸದ ಯೋಜನೆಯಲ್ಲಿ ಅದರ ಹೆಸರೇ ಇರುವುದಿಲ್ಲ. ಈ ಮೌನಕ್ಕೆ 3.0ರಲ್ಲಿ ಬುಲೆಟ್ ಎಂದು ಅರ್ಥ, 4.0ರಲ್ಲಿ ಗೋಡೋದ ಸ್ವಂತ ಎಂಜಿನ್ ಎಂದು ಅರ್ಥ. ಗಣಕ ಆಟಗಳನ್ನು ಸಂಗ್ರಹಿಸುವ ಗ್ರಂಥಾಲಯವು ಆಟದ ಪ್ರತಿಯ ಜೊತೆಗೆ ಸಂಪಾದಕದ ಆವೃತ್ತಿ, ಎಂಜಿನ್ನಿನ ಹೆಸರು, ಸೆಕೆಂಡಿನ ಹೆಜ್ಜೆಗಳ ಸಂಖ್ಯೆ ಹಾಗೂ ಆಯಾ ಆವೃತ್ತಿಯ ಕೈಪಿಡಿಯ ಪ್ರತಿಯನ್ನೂ ಕಾದಿರಿಸಬೇಕಾಗುತ್ತದೆ. ಇವುಗಳಲ್ಲಿ ಕೈಪಿಡಿಯೇ ಬೇಗ ಕಳೆದುಹೋಗುವಂಥದು. ಹೊಸ ಆವೃತ್ತಿಗೆ ತಿದ್ದಿದ ಪುಟವೇ ಓದುಗನಿಗೆ ಮೊದಲು ಸಿಗುತ್ತದೆ.