ಕರುವಿಗೆ ಗಿಣ್ಣು, ಮಗುವಿಗೆ ಮೊದಲ ಪಾಠ

ಕಳೆದ ಚಳಿಗಾಲದಲ್ಲಿ ಒಂದು ರಾತ್ರಿ ಕಾರಟಗಿ ಸಮೀಪದ ಹಳ್ಳಿಯೊಂದರಿಂದ ಫೋನ್ ಬಂತು. ಎಮ್ಮೆಗೆ ಹೆರಿಗೆ ಕಷ್ಟವಾಗಿತ್ತು, ಕರು ಅಡ್ಡ ತಿರುಗಿತ್ತು. ಅರ್ಧ ತಾಸಿನ ಬಳಿಕ ಕರು ಹೊರಬಂತು. ಕೈ ತೊಳೆಯುವಾಗ ದನದ ಕೊಟ್ಟಿಗೆಯ ಗೂಡಿನಲ್ಲಿ ಒಂದು ಪುಸ್ತಕ ಕಂಡಿತು. ಮಕ್ಕಳ ಪಾಲನೆ ಕುರಿತ ಪುಸ್ತಕ, ಅಂಚಿಗೆ ಸಗಣಿ ಹತ್ತಿತ್ತು.

“ಕರುವಿಗೆ ಒಂದು ತಾಸಿನೊಳಗ ಗಿಣ್ಣದ ಹಾಲು ಕುಡಿಸಬೇಕಕ್ಕಾ” ಎಂದೆ.

“ಗೊತ್ತೈತ್ರಿ ಮೇಡಮ್ರಿ. ನಮ್ಮ ಪುಸ್ತಕದಾಗೂ ಹಂಗ ಐತಿ. ಮದ್ಲಿಂದು ತಪ್ಪಿದ್ರ ಆಮ್ಯಾಲೆ ಎಷ್ಟ್ ತಿನಿಸಿದ್ರೂ ಅದು ಬರೂದಿಲ್ಲ” ಎಂದರು ಮನೆಯೊಡತಿ.

ಮಾತು ನಿಜ. ಹುಟ್ಟಿದ ಕರುವಿಗೆ ಅದರ ತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣದ ಹಾಲು ಮೊದಲ ದಿನವೇ ಸಿಗಬೇಕು. ರೋಗ ತಡೆಯುವ ಶಕ್ತಿ ಅದರಿಂದಲೇ ಬರುತ್ತದೆ. ತಾಸು ಕಳೆದಂತೆ ಕರುಳು ಆ ಶಕ್ತಿಯನ್ನು ಹೀರುವುದು ಕಡಿಮೆಯಾಗುತ್ತದೆ. ಮಗುವಿನ ವಿಷಯವೂ ಹೀಗೆಯೇ. ಮೆದುಳಿನ ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೆ ಆಗುತ್ತದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಹಾಗಾಗಿಯೇ 3ರಿಂದ 8 ವರ್ಷದವರೆಗಿನ ಕಲಿಕೆಯನ್ನು ಅದು ಬುನಾದಿ ಹಂತವೆಂದು ಕರೆದಿದೆ. ಬುನಾದಿ ಹಾಕುವವರು ಕಲಿತವರಾಗಿರಬೇಕಲ್ಲವೆ?

ಈ ಅಕ್ಕ ಆ ಕೆಲಸಕ್ಕೇ ಓದುತ್ತಿದ್ದಾರೆ. ಹೆಸರು ಬರೆಯಬೇಡಿ ಎಂದಿದ್ದಾರೆ. ವಯಸ್ಸು 33. ಪಿಯುಸಿ ಮುಗಿಸಿದ ವರ್ಷವೇ ಮದುವೆಯಾಯಿತು. ಮನೆಯಲ್ಲಿ ಎರಡು ಎಮ್ಮೆ, ಒಂದು ಮಿಶ್ರತಳಿ ಹಸು. ನಾಲ್ಕು ವರ್ಷದ ಹಿಂದೆ ಪಟ್ಟಣವೊಂದರ ಖಾಸಗಿ ಸಂಸ್ಥೆಗೆ ಶಿಶುವಿಹಾರ ಶಿಕ್ಷಕಿ ತರಬೇತಿಗೆಂದು ಹದಿನೆಂಟು ಸಾವಿರ ರೂಪಾಯಿ ಕಟ್ಟಿದರು. ಎಲ್ಲವೂ ಹಾಲಿನ ಬಟವಾಡೆಯಲ್ಲಿ ಉಳಿಸಿದ ಹಣ. ಪ್ರಮಾಣಪತ್ರ ಹಿಡಿದು ಅರ್ಜಿ ಹಾಕಲು ಹೋದಾಗ ಆ ಸಂಸ್ಥೆಗೆ ಮಾನ್ಯತೆಯೇ ಇಲ್ಲವೆಂದು ತಿಳಿಯಿತು. ಆ ದಿನದಿಂದ ಮನೆಯಲ್ಲಿ ಓದಿನ ಮಾತೆತ್ತಿದರೆ ಎಲ್ಲರೂ ಆ ಹದಿನೆಂಟು ಸಾವಿರವನ್ನೇ ನೆನಪಿಸುತ್ತಿದ್ದರು. ಆದರೂ ಅವರು ಮತ್ತೆ ಶುರು ಮಾಡಿದ್ದಾರೆ.

ದನ ಕಾಯುವ ಮನೆಗಳಿಗೂ ಅಂಗನವಾಡಿಗೂ ಹಳೆಯ ನಂಟಿದೆ. 1945ರಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಈಗಿನ ಮಹಾರಾಷ್ಟ್ರದ ಬೋರ್ಡಿಯಲ್ಲಿ ಹಳ್ಳಿ ಮಕ್ಕಳಿಗಾಗಿ ಬಾಲವಾಡಿ ಆರಂಭಿಸಿದರು. ಮಕ್ಕಳು ಬಾರದಿದ್ದರೆ ಅವರ ಅಂಗಳಕ್ಕೇ ಶಾಲೆ ಒಯ್ದರು. ಮುಂದೆ ಕೋಸಬಾಡದಲ್ಲಿ ದನ ಮೇಯಿಸುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಪಾಠ ಮಾಡಿದರು. ಅನುತಾಯಿ ಬಾಲ್ಯದಲ್ಲೇ ವಿಧವೆಯಾದವರು, ಆಮೇಲೆ ಓದಿ ಶಿಕ್ಷಕಿಯಾದವರು. ದೇಶದಲ್ಲಿ ಐಸಿಡಿಎಸ್ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ.

ಇಂದು ಪಿಯುಸಿ ಮುಗಿಸಿದ ನಮ್ಮ ಸದಸ್ಯೆಯರಿಗೆ, ಅವರ ಹೆಣ್ಣುಮಕ್ಕಳಿಗೆ ಇರುವ ದಾರಿಗಳು ಹೀಗಿವೆ:

• ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಶಿಶುಪಾಲನೆ ಮತ್ತು ಶಿಕ್ಷಣ ಡಿಪ್ಲೊಮಾ. ಮನೆಯಲ್ಲೇ ಓದಬಹುದು, ಕನಿಷ್ಠ ಒಂದು ವರ್ಷ. ಮಕ್ಕಳ ಜೊತೆ ಮಾಡಬೇಕಾದ ಪ್ರಾಯೋಗಿಕ ಕೆಲಸವೂ ಇರುತ್ತದೆ. ವಿಜಯಪುರದಲ್ಲಿ ಪ್ರಾದೇಶಿಕ ಕೇಂದ್ರವಿದೆ. ಪುಸ್ತಕ, ಪರೀಕ್ಷೆ ಯಾವ ಭಾಷೆಯಲ್ಲಿ ಎಂದು ಅರ್ಜಿಗೆ ಮೊದಲೇ ಕೇಳಿಕೊಳ್ಳಿ.

• ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) ಮಾನ್ಯತೆ ಇರುವ ಕಾಲೇಜಿನಲ್ಲಿ ಎರಡು ವರ್ಷದ ಶಾಲಾಪೂರ್ವ ಶಿಕ್ಷಣ ಡಿಪ್ಲೊಮಾ. ಇದಕ್ಕೆ ನಿತ್ಯ ತರಗತಿಗೆ ಹೋಗಬೇಕು.

• ಮಗಳು ಈಗ ಪಿಯುಸಿಯಲ್ಲಿದ್ದರೆ ನಾಲ್ಕು ವರ್ಷದ ಸಮಗ್ರ ಶಿಕ್ಷಕ ಪದವಿ. ಇದರಲ್ಲಿ ಬುನಾದಿ ಹಂತಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಆಯ್ದ ಸಂಸ್ಥೆಗಳಲ್ಲಿ ಮಾತ್ರ ಇದೆ.

ಹಣ ಕಟ್ಟುವ ಮುನ್ನ ಮೂರು ಕೆಲಸ ಮಾಡಿ. ಮೊದಲು, ಸಂಸ್ಥೆಯ ಮಾನ್ಯತೆ ಪತ್ರ ಕೇಳಿ. “ಆಮೇಲೆ ತೋರಿಸ್ತೀವಿ” ಎಂದರೆ ಎದ್ದು ಬನ್ನಿ. ಎರಡನೆಯದು, ನಿಮಗೆ ಬೇಕಾದ ಹುದ್ದೆಯ ಹಿಂದಿನ ಅಧಿಸೂಚನೆಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ನೋಡಿ. ಅಂಗನವಾಡಿ ಕಾರ್ಯಕರ್ತೆ ಹುದ್ದೆಗೆ ಪಿಯುಸಿ ಆಗಿರಬೇಕು, ಅದೇ ಊರಿನ ನಿವಾಸಿಯಾಗಿರಬೇಕು, ವಯಸ್ಸು ಸಾಮಾನ್ಯವಾಗಿ 35 ಮೀರಿರಬಾರದು. ಎಲ್ಲ ಡಿಪ್ಲೊಮಾ ಎಲ್ಲ ಹುದ್ದೆಗೂ ನಡೆಯುವುದಿಲ್ಲ. ಮೂರನೆಯದು, ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ಎಮ್ಮೆ ಕೊಳ್ಳುವಾಗ ಹಲ್ಲು ನೋಡುತ್ತೀರಿ, ಎರಡು ಹೊತ್ತು ಹಿಂಡಿ ನೋಡುತ್ತೀರಿ. ಕೋರ್ಸಿಗೂ ಅಷ್ಟೇ ಜಾಗ್ರತೆ ಬೇಕು.

ಇನ್ನು ಸಮಯದ ಮಾತು. ಇಗ್ನೋ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ ಬರುತ್ತವೆ. ಎಮ್ಮೆಯ ಗರ್ಭ ಸುಮಾರು ಹತ್ತು ತಿಂಗಳು, ಹಸುವಿನದು ಒಂಬತ್ತು ತಿಂಗಳ ಮೇಲೆ. ಗರ್ಭಧಾರಣೆ ಮಾಡಿಸಿದ ದಿನಾಂಕ ಬರೆದಿಟ್ಟರೆ ಪರೀಕ್ಷೆ ಹೊತ್ತಿಗೆ ಯಾವುದು ಈಯುತ್ತದೆಂದು ಮೊದಲೇ ಗೊತ್ತಾಗುತ್ತದೆ, ಆ ದಿನಗಳಿಗೆ ಮನೆಯವರನ್ನು ಸಜ್ಜು ಮಾಡಬಹುದು. ನಮ್ಮ ಕಡೆ ಮೇವೆಂದರೆ ಹೆಚ್ಚಾಗಿ ಭತ್ತದ ಹುಲ್ಲು. ಅದರಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಡುತ್ತದೆ. ಓದಿನ ಗಡಿಬಿಡಿಯಲ್ಲಿ ಖನಿಜ ಮಿಶ್ರಣ ಮರೆಯಬೇಡಿ.

ಮೊನ್ನೆ ಕರುವಿಗೆ ಜಂತುಹುಳುವಿನ ಔಷಧಿ ಹಾಕಲು ಮತ್ತೆ ಆ ಮನೆಗೆ ಹೋಗಿದ್ದೆ. ಅಕ್ಕ ಪರೀಕ್ಷೆ ಬರೆದು ಬಂದಿದ್ದರು. ಆ ಎರಡು ದಿನ ಹಾಲು ಹಿಂಡಿ ಡೇರಿಗೆ ಹಾಕಿದವರು ಅವರ ಅತ್ತೆ. ಓದು ಬೇಡವೆಂದು ಎಲ್ಲರಿಗಿಂತ ಜೋರಾಗಿ ಹೇಳಿದವರೂ ಅವರೇ.

“ನೌಕರಿ ಸಿಗತೈತೇನ್ರಿ ಈಕಿಗೆ?” ಎಂದು ಅತ್ತೆ ನನ್ನನ್ನು ಕೇಳಿದರು.

ಖಂಡಿತ ಸಿಗುತ್ತದೆಂದು ಹೇಳಲಾರೆ. ವಯಸ್ಸಿನ ಮಿತಿಗೆ ಎರಡೇ ವರ್ಷ ಉಳಿದಿದೆ, ಅಷ್ಟರಲ್ಲಿ ಅವರ ಊರಿನಲ್ಲಿ ಹುದ್ದೆ ಖಾಲಿಯಾಗಬೇಕು. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಂತರ ಅಂಗಳದತ್ತ ಕೈ ತೋರಿಸಿದರು. ಅಲ್ಲಿ ನೆರೆಮನೆಯ ನಾಲ್ಕು ಮಕ್ಕಳು ಹುಣಸೆಬೀಜಗಳನ್ನು ಐದೈದರಂತೆ ಗುಂಪು ಮಾಡುತ್ತ ಕೂತಿದ್ದವು.

“ಅವು ದಿನಾ ಬರ್ತಾವ್ರಿ. ಓದು ನಿಂದ್ರಸಬ್ಯಾಡ ಅಂತ ನಾನ ಹೇಳೀನಿ” ಎಂದರು.